ಸಂಶೋಧನೆಯಲ್ಲಿ ತಪ್ಪು ಕಂಡಾಗ ವಿಚಾರಿಸುವವರು ಯಾರು?

2009ರ ಮುಂಗಾರಿಗೆ ಬಿಕಾನೇರಿ ನರ್ಮಾ ಬಿಟಿ ಎಂಬ ಹೊಸ ಹತ್ತಿಬೀಜ ಮಾರುಕಟ್ಟೆಗೆ ಬಂತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಹಾಗೂ ದೆಹಲಿಯ ಸಸ್ಯ ಜೈವಿಕ ತಂತ್ರಜ್ಞಾನ ಕೇಂದ್ರ ಸೇರಿ ರೂಪಿಸಿದ ಬೀಜ ಅದು. ಕಾಯಿಕೊರಕ ಹುಳವನ್ನು ತಡೆಯುವ ಗುಣವುಳ್ಳ ಕುಲಾಂತರಿ ಹತ್ತಿ 2002ರಿಂದಲೇ ದೇಶದಲ್ಲಿತ್ತು. ಆದರೆ ಅದು ಖಾಸಗಿ ಕಂಪನಿಗಳ ಸಂಕರ ಬೀಜವಾದ್ದರಿಂದ ರೈತ ವರ್ಷವರ್ಷವೂ ಹೊಸದಾಗಿ ಕೊಳ್ಳಲೇಬೇಕಿತ್ತು. ಸರ್ಕಾರಿ ಸಂಸ್ಥೆಗಳು ತಂದದ್ದು ಸಂಕರವಲ್ಲ, ತಳಿ. ಒಮ್ಮೆ ಕೊಂಡರೆ ಮುಂದಿನ ವರ್ಷಕ್ಕೆ ಸ್ವಂತ ಹೊಲದ ಬೀಜವನ್ನೇ ಎತ್ತಿಟ್ಟುಕೊಳ್ಳಬಹುದು. ಗದಗ ತಾಲ್ಲೂಕಿನ ಕೋಟುಮಚಗಿಯಂಥ ಎರೆಭೂಮಿಯ ಊರಿನಲ್ಲಿ, ಮಳೆ ಕೈಕೊಟ್ಟರೆ ಬೀಜದ ಸಾಲವೂ ತೀರದ ಕಡೆ, ಇದು ಸಣ್ಣ ಸುದ್ದಿಯಲ್ಲ.

ಆದರೆ ಆ ವರ್ಷದ ಕೊನೆಯ ಹೊತ್ತಿಗೆ ಬೀಜೋತ್ಪಾದನೆ ನಿಂತುಹೋಯಿತು. ನಮ್ಮದೇ ವಿಜ್ಞಾನಿಗಳು ಸೇರಿಸಿದರೆನ್ನಲಾದ ಜೀನ್ ಇರಬೇಕಾದ ಕಡೆ ಮಾನ್ಸಾಂಟೊ ಕಂಪನಿಯ ಜೀನ್ ಇದೆ ಎಂಬ ಪ್ರಶ್ನೆ ಎದ್ದಿತ್ತು. ಭಾರತೀಯ ಕೃಷಿ ಸಂಶೋಧನಾ ಮಂಡಳಿಯು ಆಗ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಸುಧೀರ್ ಸೋಪೋರಿ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. 2012ರಲ್ಲಿ ಬಂದ ಸಮಿತಿಯ ವರದಿಯು ಆ ಹತ್ತಿಯಲ್ಲಿ ಮಾನ್-531 ಎಂದು ಗುರುತಿಸುವ ಮಾನ್ಸಾಂಟೊದ ಜೀನ್ ಇರುವುದನ್ನು ದೃಢಪಡಿಸಿತು.

ಇಲ್ಲಿ ಒಂದು ವಿವರ ತಿಳಿದರೆ ಮುಂದಿನದು ಸುಲಭ. ಹೊರಗಿನ ಜೀನನ್ನು ಗಿಡದೊಳಗೆ ಸೇರಿಸಿದಾಗ ಅದು ವರ್ಣತಂತುಗಳ ಉದ್ದಕ್ಕೂ ಎಲ್ಲೋ ಒಂದು ಕಡೆ ಹೋಗಿ ಕೂರುತ್ತದೆ. ಎಲ್ಲಿ ಕೂರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಕೂತ ಜಾಗವೇ ಅದರ ಗುರುತು. ಎರಡು ಪ್ರಯೋಗಾಲಯಗಳು ಬೇರೆಬೇರೆಯಾಗಿ ಕೆಲಸ ಮಾಡಿದರೆ ಜಾಗ ಒಂದೇ ಆಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದಲೇ ಈ ಗುರುತನ್ನು ನೋಡಿ ಯಾರ ಜೀನ್ ಎಂದು ಹೇಳಲು ಸಾಧ್ಯವಾಗುತ್ತದೆ.

ಬೀಜ ಬೆರೆತದ್ದು ಹೇಗೆ ಎಂಬುದು ಒಂದು ಪ್ರಶ್ನೆ. ಈ ಬರಹ ಹಿಡಿದುಕೊಂಡಿರುವುದು ಇನ್ನೊಂದನ್ನು. ಪ್ರಯೋಗಾಲಯದಲ್ಲಿ ಒಂದು ಗಿಡ ಹುಟ್ಟಿ, ಅದರ ಬಗ್ಗೆ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಅಚ್ಚಾಗಿ, 2008ರಲ್ಲಿ ಸರ್ಕಾರದ ಅನುಮತಿ ಸಿಕ್ಕಿ, ಬೀಜ ಮಾರಾಟಕ್ಕೆ ಬರುವವರೆಗಿನ ಹಾದಿಯಲ್ಲಿ ಈ ತಪ್ಪನ್ನು ಹಿಡಿಯಬೇಕಾದವರು ಯಾರು? ಹಿಡಿಯದಿದ್ದರೆ ಆಮೇಲೆ ವಿಚಾರಿಸಬೇಕಾದವರು ಯಾರು?

ಮೊದಲು, ಒಂದು ಸಂಶೋಧನಾ ಲೇಖನ ಅಚ್ಚಾಗುವ ಬಗೆಯನ್ನು ನೋಡೋಣ. ಸಂಶೋಧಕರು ತಮ್ಮ ಕೆಲಸವನ್ನು ಬರೆದು ಒಂದು ಜರ್ನಲ್‌ಗೆ, ಅಂದರೆ ಆಯಾ ವಿಷಯಕ್ಕೆಂದೇ ಇರುವ ವಿದ್ವತ್ ಪತ್ರಿಕೆಗೆ ಕಳಿಸುತ್ತಾರೆ. ಸಂಪಾದಕರು ಅದನ್ನು ಅದೇ ವಿಷಯ ಬಲ್ಲ ಇಬ್ಬರು ಮೂವರು ಬೇರೆ ವಿದ್ವಾಂಸರಿಗೆ ಕೊಟ್ಟು ಅಭಿಪ್ರಾಯ ಕೇಳುತ್ತಾರೆ. ಇದಕ್ಕೆ ತಜ್ಞ ಪರಿಶೀಲನೆ ಎನ್ನುತ್ತಾರೆ. ತಜ್ಞರು ಸಾಮಾನ್ಯವಾಗಿ ಇದಕ್ಕೆ ಸಂಬಳ ಪಡೆಯುವುದಿಲ್ಲ, ಅವರ ಹೆಸರೂ ಹೊರಗೆ ಬರುವುದಿಲ್ಲ. ಅವರು ತಿದ್ದುಪಡಿ ಕೇಳಬಹುದು, ಬೇಡವೆನ್ನಬಹುದು, ಒಪ್ಪಬಹುದು.

ಓದುಗರಲ್ಲಿ ಅನೇಕರು ತಜ್ಞ ಪರಿಶೀಲನೆ ಎಂದರೆ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದು ಎಂದುಕೊಂಡಿದ್ದಾರೆ. ಹಾಗಲ್ಲ. ತಜ್ಞರ ಮುಂದಿರುವುದು ಬರೆದ ಹಾಳೆಗಳು ಮಾತ್ರ. ವಿಧಾನ ಸರಿಯಿದೆಯೇ, ಲೆಕ್ಕ ಕೂಡುತ್ತದೆಯೇ, ತೀರ್ಮಾನಕ್ಕೆ ಸಾಕಷ್ಟು ಆಧಾರ ಇದೆಯೇ ಎಂದು ಅವರು ನೋಡಬಲ್ಲರು. ಅಂಕಿಗಳು ನಿಜವಾಗಿ ಅಳೆದು ಪಡೆದವೇ ಅಥವಾ ಕೋಣೆಯಲ್ಲಿ ಕೂತು ಬರೆದವೇ ಎಂದು ಅವರಿಗೆ ಗೊತ್ತಾಗುವುದು ಕಷ್ಟ. ಇಡೀ ವ್ಯವಸ್ಥೆ ನಿಂತಿರುವುದು ಬರೆದವರು ಸುಳ್ಳು ಹೇಳುತ್ತಿಲ್ಲ ಎಂಬ ನಂಬಿಕೆಯ ಮೇಲೆ. ಬಹುಪಾಲು ಸಂಶೋಧಕರು ಆ ನಂಬಿಕೆ ಉಳಿಸಿಕೊಳ್ಳುತ್ತಾರೆ ಎಂಬುದನ್ನೂ ಇಲ್ಲೇ ಹೇಳಬೇಕು.

ನಂಬಿಕೆ ಮುರಿಯುವ ದಾರಿಗಳನ್ನು ವಿದ್ವತ್ ಜಗತ್ತು ಮೂರಾಗಿ ವಿಂಗಡಿಸುತ್ತದೆ. ಮಾಡದ ಪ್ರಯೋಗಕ್ಕೆ ಅಂಕಿ ಕಟ್ಟುವುದು ಒಂದು. ಮಾಡಿದ ಪ್ರಯೋಗದ ಅಂಕಿಯನ್ನೋ ಚಿತ್ರವನ್ನೋ ಬೇಕಾದಂತೆ ತಿದ್ದುವುದು ಎರಡನೆಯದು. ಇನ್ನೊಬ್ಬರ ಮಾತು, ವಿಚಾರ, ಫಲಿತಾಂಶವನ್ನು ಹೆಸರು ಹೇಳದೆ ತನ್ನದೆನ್ನುವ ಕೃತಿಚೌರ್ಯ ಮೂರನೆಯದು. ಇವುಗಳ ಆಚೆಗೆ, ಕೆಲಸ ಮಾಡದವರ ಹೆಸರನ್ನು ಲೇಖಕರ ಸಾಲಿನಲ್ಲಿ ಸೇರಿಸುವುದು, ಮಾಡಿದವರ ಹೆಸರು ಬಿಡುವುದು, ಒಂದೇ ಲೇಖನವನ್ನು ಎರಡು ಕಡೆ ಅಚ್ಚು ಹಾಕಿಸುವುದು ಮುಂತಾದವು ಇವೆ. ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಮಾರ್ಗದರ್ಶಕರ ಹೆಸರು, ವಿಭಾಗದ ಹಿರಿಯರ ಹೆಸರು ತಾನಾಗಿ ಸೇರಿಕೊಳ್ಳುವುದನ್ನು ತಪ್ಪೆಂದು ಎಣಿಸುವವರು ಕಡಿಮೆ. ಗೌರವಕ್ಕೆಂದು ಹಾಕಿದ ಹೆಸರು ಜವಾಬ್ದಾರಿಯನ್ನೂ ತರುತ್ತದೆ ಎಂಬುದು ಏನಾದರೂ ಎಡವಟ್ಟಾದಾಗಲೇ ನೆನಪಾಗುವುದು.

ಬೆಂಗಳೂರಿನ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. 2011ರಲ್ಲಿ ಅಡ್ವಾನ್ಸ್‌ಡ್ ಮೆಟೀರಿಯಲ್ಸ್ ಎಂಬ ಜರ್ನಲ್‌ನಲ್ಲಿ ಒಂದು ಲೇಖನ ಬಂತು. ಅದರ ಲೇಖಕರಲ್ಲಿ ಹಿರಿಯ ವಿಜ್ಞಾನಿ ಪ್ರೊ. ಸಿ.ಎನ್.ಆರ್. ರಾವ್ ಒಬ್ಬರು. ಲೇಖನದ ಪೀಠಿಕೆಯ ಭಾಗದಲ್ಲಿ ಕೆಲವು ಸಾಲುಗಳು ಬೇರೆಯವರ ಲೇಖನದಿಂದ ಹಾಗೇ ಬಂದಿದ್ದವು. ಆ ಭಾಗ ಬರೆದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಒಬ್ಬ ಸಂಶೋಧನಾ ವಿದ್ಯಾರ್ಥಿ ಎಂಬ ವಿವರಣೆ ಬಂತು. ಹಿರಿಯ ಲೇಖಕರು ಜರ್ನಲ್‌ಗೆ ಬರೆದು ಕ್ಷಮೆ ಕೇಳಿದರು, ಜರ್ನಲ್ ಆ ಕ್ಷಮಾಪಣೆಯನ್ನು ಅಚ್ಚು ಮಾಡಿತು. ಲೇಖನದ ಪ್ರಯೋಗ, ಫಲಿತಾಂಶ ಲೇಖಕರದ್ದೇ ಆಗಿದ್ದರಿಂದ ಲೇಖನವನ್ನು ಹಿಂತೆಗೆಯಲಿಲ್ಲ.

ಆಗ ಪತ್ರಿಕೆಗಳಲ್ಲಿ ನಡೆದ ವಾದದಲ್ಲಿ ಎರಡೂ ಕಡೆಯವರು ತುಸು ಜೋರಾಗಿಯೇ ಮಾತಾಡಿದರು. ಇದೇನು ಮಹಾ ಅಪರಾಧ ಎಂದವರಿದ್ದರು, ಇದಕ್ಕಿಂತ ದೊಡ್ಡ ಅಪರಾಧವಿಲ್ಲ ಎಂದವರೂ ಇದ್ದರು. ಶಾಂತವಾಗಿ ನೋಡಿದರೆ ಅಲ್ಲಿ ಎರಡು ಸಂಗತಿಗಳಿವೆ. ಪೀಠಿಕೆಯ ಸಾಲು ಕದ್ದದ್ದಕ್ಕೂ ಫಲಿತಾಂಶ ಕದ್ದದ್ದಕ್ಕೂ ವ್ಯತ್ಯಾಸ ಇದೆ, ಅದನ್ನು ಜರ್ನಲ್ ಗುರುತಿಸಿತು. ಸಾಲುಗಳನ್ನು ವಿದ್ಯಾರ್ಥಿ ಬರೆದಿದ್ದರೂ ಕ್ಷಮೆ ಕೇಳಬೇಕಾದವರ ಪೈಕಿ ಹಿರಿಯರೂ ಇದ್ದರು, ಅವರು ಕೇಳಿದರು. ಹೆಸರಿದ್ದವರೆಲ್ಲ ಕೊನೆಯ ಪ್ರತಿಯನ್ನು ಓದಿ ಒಪ್ಪಿರಬೇಕು ಎಂಬುದು ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ರೂಪಿಸಿದ ನಿಯಮ. ಬೇರೆ ವಿಷಯಗಳ ಜರ್ನಲ್‌ಗಳೂ ಈಗ ಅಂಥದ್ದನ್ನೇ ಪಾಲಿಸುತ್ತವೆ.

ತಪ್ಪಿನ ತೂಕಕ್ಕೆ ತಕ್ಕ ಕ್ರಮ ಎಂಬ ವಿವೇಕ ಹೊರಗಿನಿಂದ ಬಂದದ್ದೇನಲ್ಲ. ಕೋಟುಮಚಗಿಯಲ್ಲೇ ಚಾಲುಕ್ಯ ದೊರೆ ಐದನೆಯ ವಿಕ್ರಮಾದಿತ್ಯನ ಕಾಲದ, 1012ನೇ ಇಸವಿಯ ಒಂದು ಶಾಸನ ಸಿಕ್ಕಿದೆ. ಆಗ ಈ ಊರು ಅಗ್ರಹಾರ, ವಿದ್ಯೆಯ ನೆಲೆ. ವ್ಯಾಕರಣ, ಮೀಮಾಂಸೆ ಕಲಿಸುವವರಿಗೂ ಅಕ್ಷರ, ಗಣಿತ ಕಲಿಸುವವರಿಗೂ ಭೂಮಿ ಬಿಟ್ಟ ವಿವರದ ಜೊತೆಗೆ ಊರಿನಲ್ಲಿ ನಡೆಯುವ ತಪ್ಪುಗಳಿಗೆ ದಂಡದ ವಿವರವೂ ಅದರಲ್ಲಿದೆ. ಬೈದರೆ ಒಂದು ದಂಡ, ಹೊಡೆದರೆ ಅದಕ್ಕಿಂತ ಹೆಚ್ಚು, ಆಯುಧ ಹಿರಿದರೆ ಇನ್ನೂ ಹೆಚ್ಚು. ಕಲ್ಲಿನ ಮೇಲೆ ಕೊರೆದು ನಿಲ್ಲಿಸಿದ್ದರಿಂದ ಯಾವ ತಪ್ಪಿಗೆ ಎಷ್ಟು ದಂಡ ಎಂಬುದು ಊರಿಗೆಲ್ಲ ಮೊದಲೇ ಗೊತ್ತು.

ಈಗಿನ ಜರ್ನಲ್‌ಗಳ ಕೈಯಲ್ಲೂ ಅಂಥ ಮೆಟ್ಟಿಲುಗಳಿವೆ. ಸಣ್ಣ ದೋಷಕ್ಕೆ ತಿದ್ದುಪಡಿ ಅಚ್ಚು ಮಾಡುತ್ತಾರೆ. ವಿಚಾರಣೆ ಮುಗಿಯುವ ಮುನ್ನ ಓದುಗರನ್ನು ಎಚ್ಚರಿಸಬೇಕಾದರೆ ಈ ಲೇಖನದ ಬಗ್ಗೆ ಅನುಮಾನವಿದೆ ಎಂದು ಒಂದು ಕಳವಳದ ಸೂಚನೆ ಹಾಕುತ್ತಾರೆ. ಲೇಖನದ ತೀರ್ಮಾನವನ್ನು ನಂಬುವಂತಿಲ್ಲ ಎಂದು ಖಚಿತವಾದರೆ ಹಿಂತೆಗೆಯುತ್ತಾರೆ. ಹಿಂತೆಗೆದ ಲೇಖನವನ್ನು ಅಳಿಸಿಹಾಕುವುದಿಲ್ಲ. ಅದು ಅಲ್ಲೇ ಇರುತ್ತದೆ, ಮೇಲೆ ಹಿಂತೆಗೆಯಲಾಗಿದೆ ಎಂಬ ಗುರುತು ಬೀಳುತ್ತದೆ, ಕಾರಣವನ್ನು ಬೇರೆ ಟಿಪ್ಪಣಿಯಲ್ಲಿ ಕೊಡುತ್ತಾರೆ. ಮುಂದೆ ಅದನ್ನು ಆಧಾರವಾಗಿ ಬಳಸಲು ಬಂದವರಿಗೆ ಗೊತ್ತಾಗಲಿ ಎಂಬುದು ಉದ್ದೇಶ.

ಹಿಂತೆಗೆತ ಎಂದರೆ ಕಳ್ಳತನವೆಂದೇ ಅರ್ಥವಲ್ಲ. 2018ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಫ್ರಾನ್ಸಿಸ್ ಅರ್ನಾಲ್ಡ್ 2020ರ ಜನವರಿಯಲ್ಲಿ ತಮ್ಮದೇ ಒಂದು ಲೇಖನವನ್ನು ಹಿಂತೆಗೆದರು. ಪ್ರಯೋಗ ಮತ್ತೆ ಮಾಡಿದಾಗ ಅದೇ ಫಲ ಬರಲಿಲ್ಲ, ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ಕೆಲವು ವಿವರಗಳು ಇರಲಿಲ್ಲ. ಅದನ್ನು ಅವರೇ ಎಲ್ಲರೆದುರು ಹೇಳಿ ಕ್ಷಮೆ ಕೇಳಿದರು. ಇದರಿಂದ ಅವರ ಗೌರವ ಕಡಿಮೆಯಾಗಲಿಲ್ಲ, ಹೆಚ್ಚಿತು.

ಜರ್ನಲ್ ಸಂಪಾದಕರಿಗೆ ದೂರು ಬಂದಾಗ ಏನು ಮಾಡಬೇಕು ಎಂಬುದಕ್ಕೆ ಈಗ ಬಹುಮಟ್ಟಿಗೆ ಎಲ್ಲರೂ ಒಪ್ಪಿದ ದಾರಿಯೊಂದಿದೆ. 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಜರ್ನಲ್‌ಗಳ ಸಂಪಾದಕರು ಸೇರಿ ಪ್ರಕಟಣಾ ನೀತಿ ಸಮಿತಿಯೊಂದನ್ನು ಕಟ್ಟಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಕೋಪ್ ಎಂದು ಕರೆಯುತ್ತಾರೆ. ದೂರು ಬಂದರೆ ಮೊದಲು ಲೇಖಕರಿಗೆ ಪತ್ರ ಬರೆದು ಮೂಲ ದಾಖಲೆ ಕೇಳಬೇಕು, ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಅವರು ಕೆಲಸ ಮಾಡುವ ಸಂಸ್ಥೆಗೆ ತಿಳಿಸಿ ವಿಚಾರಣೆ ಕೋರಬೇಕು, ದೂರು ಕೊಟ್ಟವರ ಹೆಸರನ್ನು ಕಾಪಾಡಬೇಕು ಎಂದು ಅದು ಹೇಳುತ್ತದೆ.

ಇಲ್ಲೇ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇರುವುದು. ಸಂಪಾದಕರು ಪೊಲೀಸರಲ್ಲ, ನ್ಯಾಯಾಧೀಶರೂ ಅಲ್ಲ. ದೂರದ ದೇಶದಲ್ಲಿ ಕೂತ ಸಂಪಾದಕರು ನಮ್ಮೂರ ಪ್ರಯೋಗಾಲಯದ ಬೀರು ತೆಗೆಸಿ ದಾಖಲೆ ಪುಸ್ತಕ ನೋಡಲಾರರು. ನೋಡಬಲ್ಲದ್ದು ಆ ವಿಜ್ಞಾನಿಯ ಸಂಸ್ಥೆ ಮಾತ್ರ. ಆದರೆ ಆ ವಿಜ್ಞಾನಿಯಿಂದ ಸಂಸ್ಥೆಗೆ ಹೆಸರು ಬಂದಿರುತ್ತದೆ, ಅನುದಾನ ಬಂದಿರುತ್ತದೆ. ವಿಚಾರಣೆ ಮಾಡಬೇಕಾದವರು ಅದೇ ಕಾರಿಡಾರಿನಲ್ಲಿ ನಿತ್ಯ ನಮಸ್ಕಾರ ಹೇಳಿಕೊಳ್ಳುವ ಸಹೋದ್ಯೋಗಿಗಳು. ದೂರು ಕೊಟ್ಟವರು ಬಹಳ ಸಲ ವಿದ್ಯಾರ್ಥಿಗಳು, ಅವರ ಪದವಿ ಅದೇ ವಿಭಾಗದವರ ಸಹಿಗೆ ಕಾಯುತ್ತಿರುತ್ತದೆ.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತು ಮತ್ತೆ ಮತ್ತೆ ನೆನೆಯುವ ಉದಾಹರಣೆ ಲ್ಯಾನ್ಸೆಟ್ ಪತ್ರಿಕೆಯದು. 1998ರಲ್ಲಿ ಆಂಡ್ರೂ ವೇಕ್‌ಫೀಲ್ಡ್ ಮತ್ತಿತರರು ಕೇವಲ 12 ಮಕ್ಕಳನ್ನು ಆಧರಿಸಿ ಬರೆದ ಲೇಖನ ದಡಾರದ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭಯ ಹುಟ್ಟಿಸಿತು. ಪತ್ರಕರ್ತ ಬ್ರಯನ್ ಡೀರ್ ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ, 2010ರಲ್ಲಿ ಲೇಖನವನ್ನು ಪೂರ್ತಿಯಾಗಿ ಹಿಂತೆಗೆಯಲಾಯಿತು. ನಡುವಿನ 12 ವರ್ಷಗಳಲ್ಲಿ ಅನೇಕ ತಂದೆತಾಯಿ ಮಕ್ಕಳಿಗೆ ಲಸಿಕೆ ಹಾಕಿಸಲಿಲ್ಲ. ಆ ಭಯ ಇವತ್ತಿಗೂ ಪೂರ್ತಿ ಹೋಗಿಲ್ಲ.

ಬೇಗ ಆದರೆ ಹೇಗಿರುತ್ತದೆ ಎಂಬುದಕ್ಕೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪ್ರಕರಣ ಇದೆ. ಆ ಕೇಂದ್ರದ ಒಂದು ತಂಡ 2020ರ ಅಕ್ಟೋಬರಿನಲ್ಲಿ ನೇಚರ್ ಕೆಮಿಕಲ್ ಬಯಾಲಜಿ ಜರ್ನಲ್‌ನಲ್ಲಿ ಲೇಖನ ಪ್ರಕಟಿಸಿತು. ಅದರ ಚಿತ್ರಗಳಲ್ಲಿ ಒಂದೇ ಭಾಗ ಬೇರೆಬೇರೆ ಕಡೆ ಕಾಣುತ್ತಿದೆ ಎಂದು ಓದಿದ ಹೊರಗಿನ ವಿಜ್ಞಾನಿಗಳು ಎತ್ತಿ ತೋರಿಸಿದರು. ಕೇಂದ್ರದ ನೀತಿ ಸಮಿತಿ ಪರಿಶೀಲಿಸಿತು, ಚಿತ್ರಗಳನ್ನು ತಿದ್ದಿರುವುದು ಕಂಡಿತು, 2021ರ ನಡುವಿನ ಹೊತ್ತಿಗೆ ಲೇಖನ ಹಿಂದಕ್ಕೆ ಬಂತು. ಅಚ್ಚಾಗಿ ಒಂದು ವರ್ಷವೂ ಆಗಿರಲಿಲ್ಲ. ಯಾರು ಎಷ್ಟು ಹೊಣೆ ಎಂಬ ಬಗ್ಗೆ ಆಮೇಲೂ ಚರ್ಚೆ ನಡೆಯಿತು, ಅದು ಸಹಜ. ಆದರೆ ಆ ಲೇಖನವನ್ನು ನಂಬಿ ಮುಂದಿನ ಪ್ರಯೋಗಕ್ಕೆ ಕೈಹಾಕಬಹುದಾಗಿದ್ದವರು ಉಳಿದುಕೊಂಡರು.

ಹೊರಗಿನಿಂದ ನೋಡಿದವರ ಕಣ್ಣಿಗೆ ಮೊದಲು ಬಿತ್ತು, ಒಳಗಿನವರು ಅದನ್ನು ಮುಚ್ಚದೆ ವಿಚಾರಿಸಿದರು. ಇವೆರಡೂ ಒಟ್ಟಿಗೆ ನಡೆದದ್ದು ಅಲ್ಲಿ ಮುಖ್ಯ. ಹತ್ತಿಯ ಪ್ರಕರಣದಲ್ಲಿ ಬೀಜ ನಿಂತದ್ದಕ್ಕೂ ಸಮಿತಿಯ ವರದಿ ಬಂದದ್ದಕ್ಕೂ ನಡುವೆ ಮೂರು ವರ್ಷ ಹೋಯಿತು. ಹೊರಗಿನ ಸಮಿತಿ ಬೇಕಾಯಿತು, ಮಾಹಿತಿ ಹಕ್ಕಿನ ಅರ್ಜಿಗಳು ಬೇಕಾದವು.

ಇನ್ನು ನಮ್ಮ ವಿಶ್ವವಿದ್ಯಾಲಯಗಳ ಮಾತು. ಕೃತಿಚೌರ್ಯಕ್ಕೆ ಸಂಬಂಧಿಸಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರ ಜುಲೈನಲ್ಲಿ ನಿಯಮಾವಳಿ ಹೊರಡಿಸಿತು. ಮಹಾಪ್ರಬಂಧದಲ್ಲಿ ಬೇರೆಡೆಯ ಬರಹದೊಂದಿಗಿನ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಶೇ 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 40ರಿಂದ 60 ಇದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದು. ಅಧ್ಯಾಪಕರು ಅಚ್ಚು ಮಾಡಿಸಿದ ಲೇಖನಗಳಿಗೂ ಇದೇ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಲ್ಲಿ ಲೇಖನ ವಾಪಸು ಪಡೆಯಬೇಕು. ಮೇಲಿನ ಮೆಟ್ಟಿಲುಗಳಲ್ಲಿ ವಾರ್ಷಿಕ ವೇತನ ಬಡ್ತಿ ತಪ್ಪುತ್ತದೆ, ಎರಡೋ ಮೂರೋ ವರ್ಷ ಹೊಸ ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ದೂರನ್ನು ಮೊದಲು ವಿಭಾಗ ಮಟ್ಟದ ಸಮಿತಿ, ಆಮೇಲೆ ಸಂಸ್ಥೆ ಮಟ್ಟದ ಸಮಿತಿ ನೋಡಬೇಕು. ಒಂದೊಂದಕ್ಕೂ 45 ದಿನಗಳ ಗಡುವು. ಉದ್ಧರಣ ಚಿಹ್ನೆಯಲ್ಲಿ ಹಾಕಿ ಮೂಲ ಹೇಳಿದ ಮಾತು, ಗ್ರಂಥಸೂಚಿ, ಎಲ್ಲರಿಗೂ ತಿಳಿದ ಸಂಗತಿ, ಆಕಸ್ಮಿಕವಾಗಿ ಒಟ್ಟಿಗೆ ಬರುವ 14 ಪದಗಳವರೆಗಿನ ಸಾಲು ಲೆಕ್ಕಕ್ಕೆ ಬರುವುದಿಲ್ಲ.

ನಿಯಮ ಬಂದದ್ದು ಒಳ್ಳೆಯದು. ಅದಕ್ಕೂ ಮೊದಲು ಒಂದೊಂದು ವಿಶ್ವವಿದ್ಯಾಲಯ ಒಂದೊಂದು ರೀತಿ ನಡೆದುಕೊಳ್ಳುತ್ತಿತ್ತು. ಆದರೆ ಶೇಕಡಾ ಲೆಕ್ಕ ಬಂದದ್ದರಿಂದ ಒಂದು ತಪ್ಪು ತಿಳಿವಳಿಕೆಯೂ ಬೇರೂರಿತು. ಸಂಶೋಧನಾ ವಿದ್ಯಾರ್ಥಿಗಳ ಬಾಯಲ್ಲಿ ಈಗ ಕೇಳುವುದು ಎಷ್ಟು ಪರ್ಸೆಂಟ್ ಬಂತು ಎಂಬ ಮಾತು. ಸಾಫ್ಟ್‌ವೇರ್ ಅಳೆಯುವುದು ಪದಗಳ ಹೋಲಿಕೆಯನ್ನು. ಮಾರುಕಟ್ಟೆಯ ತಕ್ಕಡಿ ಒಣಮೆಣಸಿನಕಾಯಿಯ ತೂಕ ಹೇಳುತ್ತದೆಯೇ ಹೊರತು ಅದಕ್ಕೆ ಬಣ್ಣ ಹಾಕಿದ್ದಾರೆಯೇ ಎಂದು ಹೇಳುವುದಿಲ್ಲ, ಇದೂ ಹಾಗೆ. ಶೇ 9 ಬಂದ ಪ್ರಬಂಧದಲ್ಲಿ ಆ ಶೇ 9 ಇಡೀ ಪ್ರಬಂಧದ ತಿರುಳೇ ಆಗಿರಬಹುದು. ಶೇ 25 ಬಂದದ್ದರಲ್ಲಿ ಬಹುಪಾಲು ಪ್ರಾಮಾಣಿಕ ವಿಧಾನ ವಿವರಣೆ ಇರಬಹುದು. ಅಂಕಿ ನೋಡಿ ಬಿಡುವುದಲ್ಲ, ತೆರೆದು ಓದಬೇಕು.

ಕನ್ನಡದಲ್ಲಿ ಬರೆದ ಪ್ರಬಂಧಗಳ ವಿಷಯಕ್ಕೆ ಬಂದರೆ ಅಂಕಿಯನ್ನು ನಂಬುವುದು ಇನ್ನೂ ಕಷ್ಟ. ಇದು ಹೊರಗಿನವರಿಗೆ ಗೊತ್ತಾಗದ, ಡಿಟಿಪಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ಹಾಗೆಯೇ ಬರಹ ಎಂಬ ತಂತ್ರಾಂಶದಲ್ಲಿ, ಎರಡು ಬಗೆಯಲ್ಲಿ ಬೆರಳಚ್ಚು ಮಾಡಬಹುದು. ಯೂನಿಕೋಡ್ ಬಗೆಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಕೇತ ಇರುತ್ತದೆ. ಹಳೆಯ ಬಗೆಯಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ, ಚಿಹ್ನೆಗಳ ಸಂಕೇತದ ಮೇಲೆ ಕೂರಿಸಿರುತ್ತಾರೆ. ಪರದೆಯ ಮೇಲೆ ಎರಡೂ ಕನ್ನಡವಾಗಿಯೇ ಕಾಣುತ್ತವೆ. ಆದರೆ ಫಾಂಟ್ ತೆಗೆದರೆ ಹಳೆಯದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ. ಪುಸ್ತಕ ಅಚ್ಚಿನ ಕೆಲಸಕ್ಕೆ ಈ ಹಳೆಯ ಬಗೆ ಇವತ್ತಿಗೂ ಧಾರಾಳವಾಗಿ ಬಳಕೆಯಲ್ಲಿದೆ. ಹೋಲಿಕೆ ಹುಡುಕುವ ಯಂತ್ರ ನೋಡುವುದು ಸಂಕೇತಗಳನ್ನು. ಒಂದು ಪ್ರಬಂಧ ಹಳೆಯ ಬಗೆಯಲ್ಲಿ, ಮೂಲ ಕೃತಿ ಯೂನಿಕೋಡಿನಲ್ಲಿ ಇದ್ದರೆ, ಪರಿವರ್ತನೆ ಮಾಡದ ಹೊರತು ಪದಕ್ಕೆ ಪದ ಒಂದೇ ಇದ್ದರೂ ಯಂತ್ರಕ್ಕೆ ಹೋಲಿಕೆ ಕಾಣುವುದಿಲ್ಲ. ಮೂಲ ಪುಸ್ತಕ ಅಂತರ್ಜಾಲಕ್ಕೆ ಬರದೇ ಇದ್ದರಂತೂ, ನಮ್ಮ ಹಳೆಯ ಸಂಶೋಧನ ಗ್ರಂಥಗಳಲ್ಲಿ ಅಂಥವೇ ಹೆಚ್ಚು, ಹೋಲಿಸಲು ಯಂತ್ರದ ಬಳಿ ಏನೂ ಇಲ್ಲ.

ಅನುವಾದದ ದಾರಿ ಇನ್ನೂ ಸಲೀಸು. ಕೋಟುಮಚಗಿಗೆ ಅಷ್ಟೇನೂ ದೂರವಲ್ಲದ ಲಕ್ಕುಂಡಿಯನ್ನೇ ತೆಗೆದುಕೊಳ್ಳಿ. ಲಕ್ಕುಂಡಿಯ ಜಿನಾಲಯವನ್ನು ಅತ್ತಿಮಬ್ಬೆ ಕಟ್ಟಿಸಿದಳು ಎಂದು ಒಬ್ಬ ವಿದ್ಯಾರ್ಥಿ ಬರೆದರೆ ಯಾರ ಹೆಸರನ್ನೂ ಹೇಳಬೇಕಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಈ ಸೀಮೆಯಲ್ಲಿ ಮರಳುಗಲ್ಲು ಬಿಟ್ಟು ನುಣುಪಾದ ಬಳಪದ ಕಲ್ಲಿನಲ್ಲಿ ಕಟ್ಟಿದ ಮೊದಮೊದಲ ಗುಡಿಗಳಲ್ಲಿ ಅದೂ ಒಂದಿರಬೇಕು ಎಂಬುದು ಊರೂರು ತಿರುಗಿ ಗುಡಿಗಳನ್ನು ನೋಡಿದ ಹೆನ್ರಿ ಕಸಿನ್ಸ್ 1926ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಮುಂದಿಟ್ಟ ವಿಚಾರ. ಅದನ್ನು ಕನ್ನಡಕ್ಕೆ ತಂದು ನನ್ನ ಅಧ್ಯಯನದಿಂದ ಕಂಡುಬಂದಿದೆ ಎಂದು ಬರೆದರೆ ಅದು ಕೃತಿಚೌರ್ಯ. ಸಾಫ್ಟ್‌ವೇರ್ ಅದಕ್ಕೆ ಸೊನ್ನೆ ಪರ್ಸೆಂಟ್ ಕೊಡುವ ಸಂಭವವೇ ಹೆಚ್ಚು. ಹಿಡಿಯಬಲ್ಲವರು ಕಸಿನ್ಸ್ ಪುಸ್ತಕವನ್ನೂ ಲಕ್ಕುಂಡಿಯನ್ನೂ ಬಲ್ಲ ಒಬ್ಬ ಪರೀಕ್ಷಕರು ಮಾತ್ರ.

ಇಷ್ಟಕ್ಕೂ ಜನ ಈ ದಾರಿ ಯಾಕೆ ಹಿಡಿಯುತ್ತಾರೆ? ಎಲ್ಲವನ್ನೂ ಸ್ವಭಾವದ ತಲೆಗೆ ಕಟ್ಟುವುದು ಸರಿಯಲ್ಲ. ಯುಜಿಸಿಯ 2009ರ ನಿಯಮದಿಂದ ಪಿಎಚ್‌ಡಿಗೆ ಮುನ್ನ ಲೇಖನ ಅಚ್ಚಾಗಿರಲೇಬೇಕು ಎಂದಾಯಿತು. 2010ರಿಂದ ಅಧ್ಯಾಪಕರ ನೇಮಕ, ಬಡ್ತಿಗೆ ಲೇಖನಕ್ಕಿಷ್ಟು ಅಂಕ ಎಂದಾಯಿತು. ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ದಿನಕ್ಕೆ ನಾಲ್ಕು ತರಗತಿ ತೆಗೆದುಕೊಂಡು, ಚುನಾವಣೆ ಕೆಲಸವನ್ನೂ ಮಾಡುವ ಅಧ್ಯಾಪಕರಿಗೆ ಪ್ರಯೋಗಾಲಯವೂ ಇಲ್ಲ, ಒಳ್ಳೆಯ ಗ್ರಂಥಾಲಯವೂ ಇಲ್ಲ, ಆದರೂ ಲೇಖನ ಬೇಕು. ಬೇಡಿಕೆ ಹುಟ್ಟಿದ ಕಡೆ ಅಂಗಡಿಯೂ ಹುಟ್ಟಿತು. ಹಣ ಕಟ್ಟಿದರೆ ನಾಲ್ಕೈದು ದಿನದಲ್ಲಿ, ಯಾರೂ ಓದದೆ, ಅಂತರರಾಷ್ಟ್ರೀಯ ಎಂಬ ಹೆಸರಿನಡಿ ಅಚ್ಚು ಮಾಡಿಕೊಡುವ ನಕಲಿ ಜರ್ನಲ್‌ಗಳು ಎದ್ದವು. ಹೈದರಾಬಾದಿನ ಓಮಿಕ್ಸ್ ಸಂಸ್ಥೆಯ ವಿರುದ್ಧ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರಿಗೂ ಮೀರಿದ ದಂಡ ವಿಧಿಸಿದ್ದು ಇಂಥ ವ್ಯವಹಾರಕ್ಕೆ. ಯುಜಿಸಿ ತಾನೇ ಒಪ್ಪಿದ್ದ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ಜರ್ನಲ್‌ಗಳನ್ನು ತೆಗೆದುಹಾಕಬೇಕಾಯಿತು. ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅದೇ ವರ್ಷ ಬಂದ ಒಂದು ಅಧ್ಯಯನವು ವಿಶ್ವವಿದ್ಯಾಲಯಗಳು ಆ ಪಟ್ಟಿಗೆ ಶಿಫಾರಸು ಮಾಡಿದ್ದ 1,009 ಜರ್ನಲ್‌ಗಳನ್ನು ಪರಿಶೀಲಿಸಿ, ಶೇ 88ರಷ್ಟು ಕಳಪೆಯಾಗಿರಬಹುದು ಎಂದಿತ್ತು. ಆ ಪಟ್ಟಿಯ ಬದಲಿಗೆ ಯುಜಿಸಿ ತಂದ ಕೇರ್ ಎಂಬ ಜರ್ನಲ್ ಪಟ್ಟಿಯನ್ನೂ 2025ರಲ್ಲಿ ಕೈಬಿಡಲಾಯಿತು. ಪಿಎಚ್‌ಡಿಗೆ ಲೇಖನ ಕಡ್ಡಾಯ ಎಂಬ ನಿಯಮ 2022ರಲ್ಲೇ ಹೋಗಿತ್ತು. ಅದು ಹೋದದ್ದು ಒಳಿತೆಂದೇ ನನ್ನ ಎಣಿಕೆ.

ಹಾಗಾದರೆ ಆಗಬೇಕಾದ್ದೇನು? ನನಗೆ ತೋಚುವ ಮೊದಲ ಮಾತು, ವಿಚಾರಣಾ ವರದಿಗಳು ಬಾಗಿಲ ಹೊರಗೆ ಬರಬೇಕು. ಈಗ ಸಮಿತಿ ಕೂರುತ್ತದೆ, ವರದಿ ಲಕೋಟೆಯಲ್ಲಿ ಕುಲಪತಿಗಳ ಮೇಜಿಗೆ ಹೋಗುತ್ತದೆ, ಆಮೇಲೆ ಏನಾಯಿತೆಂದು ದೂರು ಕೊಟ್ಟವರಿಗೂ ತಿಳಿಯುವುದಿಲ್ಲ. ಆರೋಪ ಸುಳ್ಳಾಗಿದ್ದರೆ ಆರೋಪಿಯ ಹೆಸರು ಶುದ್ಧವಾಗಬೇಕು, ಅದಕ್ಕೂ ವರದಿ ಹೊರಬರುವುದೇ ದಾರಿ. ಸಂಸ್ಥೆ ಮಟ್ಟದ ಸಮಿತಿಯಲ್ಲಿ ಹೊರಗಿನವರೊಬ್ಬರು ಇರಬೇಕೆಂದು ಯುಜಿಸಿ ನಿಯಮ ಹೇಳುತ್ತದೆ. ಒಬ್ಬರು ಸಾಲದು, ಬಹುಮತವೇ ಹೊರಗಿನವರದ್ದಾಗಿರಬೇಕು. ತನ್ನ ಮನೆಯ ವ್ಯಾಜ್ಯಕ್ಕೆ ತಾನೇ ಪಂಚನಾಗಿ ಕೂರುವುದನ್ನು ನಮ್ಮ ಹಳ್ಳಿಯ ಕಟ್ಟೆಯಲ್ಲೂ ಯಾರೂ ಒಪ್ಪುವುದಿಲ್ಲ.

ದೂರು ಕೊಟ್ಟ ವಿದ್ಯಾರ್ಥಿಗೆ ಮಾರ್ಗದರ್ಶಕರನ್ನು ಬದಲಿಸಿಕೊಳ್ಳುವ ಅವಕಾಶ ಕೂಡಲೇ ಸಿಗಬೇಕು. ತಾವಾಗಿ ಬಂದು ತಪ್ಪಾಗಿದೆ ಎಂದು ಲೇಖನ ಹಿಂತೆಗೆದುಕೊಂಡವರನ್ನು ಕದ್ದು ಸಿಕ್ಕಿಬಿದ್ದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದರೆ ಮುಂದೆ ಯಾರೂ ತಾವಾಗಿ ಬರುವುದಿಲ್ಲ. ಕನ್ನಡದ ಮಹಾಪ್ರಬಂಧಗಳಿಗೆ ಯೂನಿಕೋಡ್ ಪ್ರತಿ ಕಡ್ಡಾಯವಾಗಲಿ, ಅದರ ಜೊತೆಗೆ ಒಬ್ಬ ಓದುವ ಪರೀಕ್ಷಕರ ಲಿಖಿತ ಅಭಿಪ್ರಾಯವೂ ಇರಲಿ. ಧಾರವಾಡ, ಹಂಪಿ, ಮೈಸೂರಿನ ಕನ್ನಡ ವಿಭಾಗಗಳು ಸೇರಿದರೆ ಇದು ಆಗದ ಕೆಲಸವಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೀಜ ಬಿತ್ತುವವರಿಗೆ ಏನೂ ತಿಳಿಯದೇ ಹೋಗುವುದು. ಲೇಖನ ಹಿಂತೆಗೆದ ಸುದ್ದಿ ಇಂಗ್ಲಿಷಿನಲ್ಲಿ, ಜರ್ನಲ್‌ನ ಒಂದು ಮೂಲೆಯಲ್ಲಿ ಬರುತ್ತದೆ. ಆ ಲೇಖನದ ಮೇಲೆ ನಿಂತ ಶಿಫಾರಸು ಮಾತ್ರ ಕನ್ನಡದ ಕರಪತ್ರವಾಗಿ, ಕೃಷಿ ಮೇಳದ ಫಲಕವಾಗಿ, ಆಸ್ಪತ್ರೆಯ ಗೋಡೆಯ ಚಿತ್ರವಾಗಿ ಊರೂರು ತಲುಪಿರುತ್ತದೆ. ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯೊಂದು ತಪ್ಪೆಂದು ಖಚಿತವಾದರೆ, ಮೊದಲು ಆ ಶಿಫಾರಸನ್ನು ಹಂಚಿದ ಇಲಾಖೆಯೇ ಅದೇ ಭಾಷೆಯಲ್ಲಿ, ಅದೇ ದಾರಿಯಲ್ಲಿ ತಿದ್ದುಪಡಿಯನ್ನೂ ಹಂಚಬೇಕು. ರೈತ ಸಂಪರ್ಕ ಕೇಂದ್ರದ ಫಲಕದ ಮೇಲೆ ಈ ಹಂಗಾಮಿಗೆ ಇಂಥ ಬೀಜ ಎಂದು ಬರೆಯುವಾಗಲೇ, ಕಳೆದ ವರ್ಷ ಹೇಳಿದ್ದ ಇಂಥ ಸಲಹೆಯನ್ನು ಇಂಥ ಕಾರಣಕ್ಕೆ ಹಿಂದಕ್ಕೆ ಪಡೆಯಲಾಗಿದೆ ಎಂದು ಇನ್ನೊಂದು ಸಾಲು ಬರೆಯಲು ಹೊಸ ಕಾನೂನೇನೂ ಬೇಕಿಲ್ಲ.